ಲೋಹದ ಒಡಲಲ್ಲಿ ಅನಿಲವನ್ನು ಕೂಡಿಟ್ಟ ಥಾಮಸ್ ಗ್ರಹಾಂ

1869ರಲ್ಲಿ ಲಂಡನ್ನಿನ ರಾಜ ಟಂಕಸಾಲೆಯಲ್ಲಿ ಬೆರಳೆಣಿಕೆಯಷ್ಟು ಪುಟ್ಟ ಪದಕಗಳು ಅಚ್ಚಾದವು. ಅವು ಚಿನ್ನದವಲ್ಲ, ಬೆಳ್ಳಿಯವೂ ಅಲ್ಲ. ಬೆಳ್ಳಿಯಂತೆ ಹೊಳೆಯುವ ಪೆಲ್ಲಾಡಿಯಂ ಎಂಬ ಅಪರೂಪದ ಲೋಹದಿಂದ ಮಾಡಿದವು. ಆ ಲೋಹದೊಳಗೆ ಅದರ ಗಾತ್ರದ ಸುಮಾರು 900 ಪಟ್ಟು ಜಲಜನಕ ಅನಿಲ ಅಡಗಿ ಕುಳಿತಿತ್ತು. ಕೈಯಲ್ಲಿ ಹಿಡಿದವರಿಗೆ ಅದು ಬರಿಯ ನಾಣ್ಯದಂತೆ ತೋರುತ್ತಿತ್ತೇ ಹೊರತು ಒಳಗೊಂದು ಅನಿಲವಿದೆ ಎಂಬ ಸುಳಿವು ಸಿಗುತ್ತಿರಲಿಲ್ಲ. ಆ ಪದಕಗಳನ್ನು ಅಚ್ಚು ಹಾಕಿಸಿ ಸ್ನೇಹಿತರಿಗೆ ಹಂಚಿದವರು ಟಂಕಸಾಲೆಯ ಮುಖ್ಯಸ್ಥರೇ ಆಗಿದ್ದ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ. ಪ್ರೌಢಶಾಲೆಯ ಮೆಟ್ಟಿಲು ದಾಟಿದ ಎಲ್ಲರೂ ಗ್ರಹಾಂ ನಿಯಮವನ್ನು ಒಮ್ಮೆಯಾದರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಜಲಜನಕವನ್ನು ಲೋಹದಲ್ಲಿ ಹಿಡಿದಿಡಬಹುದೆಂದು ಜಗತ್ತಿಗೆ ಮೊದಲು ತೋರಿಸಿದವರೂ ಅವರೇ ಎಂಬುದು ಪಠ್ಯಪುಸ್ತಕಗಳಿಂದ ಹೊರಗೇ ಉಳಿದಿದೆ.

ಜಲಜನಕವನ್ನು ಹಿಡಿದಿಡುವುದು ಇಂದಿಗೂ ಸುಲಭದ ಮಾತಲ್ಲ. ಅನಿಲಗಳಲ್ಲೆಲ್ಲ ಅದು ಅತ್ಯಂತ ಹಗುರ. ಸಾಮಾನ್ಯ ಒತ್ತಡದಲ್ಲಿ ಕೇವಲ ಒಂದು ಕಿಲೋಗ್ರಾಂ ಜಲಜನಕ ಸುಮಾರು 12 ಸಾವಿರ ಲೀಟರ್ ಜಾಗ ಬೇಡುತ್ತದೆ. ಅದನ್ನು ಕಾರಿನ ತೊಟ್ಟಿಯಲ್ಲಿ ತುಂಬಬೇಕಾದರೆ ವಾತಾವರಣದ ಒತ್ತಡಕ್ಕಿಂತ 700 ಪಟ್ಟು ಅದುಮಬೇಕು. ದ್ರವವಾಗಿಸಬೇಕಾದರೆ ಶೂನ್ಯಕ್ಕಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪುಗೊಳಿಸಬೇಕು. ಈ ಎರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ. ಅದೇ ಲೋಹದೊಳಕ್ಕೆ ಅನಿಲವನ್ನು ಇಳಿಸಿ, ಬೇಕಾದಾಗ ಬಿಸಿ ಮಾಡಿ ಹೊರತೆಗೆಯುವ ದಾರಿ. ಆ ದಾರಿಯ ಮೊದಲ ಹೆಜ್ಜೆ ಬಿದ್ದದ್ದು ಗ್ರಹಾಂ ಅವರ ಪ್ರಯೋಗಶಾಲೆಯಲ್ಲಿ.

ಗ್ರಹಾಂ ಜನಿಸಿದ್ದು 1805ರ ಡಿಸೆಂಬರಿನಲ್ಲಿ, ಗ್ಲಾಸ್ಗೋ ನಗರದಲ್ಲಿ. ತಂದೆ ಜೇಮ್ಸ್ ಗ್ರಹಾಂ ಬಟ್ಟೆ ತಯಾರಿಕೆಯ ಉದ್ಯಮಿ, ಅನುಕೂಲಸ್ಥರು. ಮಗ ಪಾದ್ರಿಯಾಗಬೇಕು, ಸ್ಕಾಟ್ಲೆಂಡಿನ ಚರ್ಚಿನಲ್ಲಿ ಪ್ರವಚನ ನೀಡಬೇಕು ಎಂಬುದು ಅವರ ಹಂಬಲ. 1819ರಲ್ಲಿ ಹದಿಹರೆಯದ ಹುಡುಗ ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ರಸಾಯನ ಶಾಸ್ತ್ರ ಬೋಧಿಸುತ್ತಿದ್ದವರು ಡಾಲ್ಟನ್ನರ ಪರಮಾಣು ಸಿದ್ಧಾಂತದ ಪ್ರಬಲ ಪ್ರತಿಪಾದಕ ಥಾಮಸ್ ಥಾಮ್ಸನ್. ಅವರ ಪಾಠಗಳು ಹುಡುಗನ ಮನಸ್ಸನ್ನು ಸೆರೆಹಿಡಿದವು. ಧರ್ಮಶಾಸ್ತ್ರದ ಕಡೆಗೆ ಮನಸ್ಸು ಮರಳಿ ಹೊರಳಲೇ ಇಲ್ಲ.

ಎಂ.ಎ. ಪದವಿಯ ನಂತರ ಮಗ ಎಡಿನ್‌ಬರೋಗೆ ತೆರಳಿ ಥಾಮಸ್ ಹೋಪ್ ಅವರ ಬಳಿ ರಸಾಯನ ಶಾಸ್ತ್ರದಲ್ಲಿ ತೊಡಗಿದ್ದು ತಂದೆಯ ಕೋಪಕ್ಕೆ ಕಾರಣವಾಯಿತು. ಮನೆಯಿಂದ ಬರುತ್ತಿದ್ದ ಹಣ ನಿಂತಿತು. ತಾಯಿ ಮತ್ತು ಸೋದರಿ ಮಾತ್ರ ಬೆಂಬಲಕ್ಕೆ ನಿಂತರು. ಪಾಠ ಹೇಳಿ, ಪತ್ರಿಕೆಗಳಿಗೆ ಬರೆದು ಗ್ರಹಾಂ ದಿನ ದೂಡಿದರು. ಬರವಣಿಗೆಯಿಂದ ಬಂದ ಮೊದಲ ಸಂಭಾವನೆಯನ್ನು ಅವರು ತಾಯಿಗೂ ಸೋದರಿಗೂ ಉಡುಗೊರೆ ಕೊಳ್ಳಲು ವ್ಯಯಿಸಿದರೆಂದು ಅವರ ಜೀವನಚರಿತ್ರೆಗಳು ದಾಖಲಿಸಿವೆ. ಕೈಯಲ್ಲಿ ಕಾಸಿಲ್ಲದ ಆ ದಿನಗಳಲ್ಲಿ ಅದು ಸಣ್ಣ ಖರ್ಚೇನೂ ಆಗಿರಲಾರದು.

ಗ್ಲಾಸ್ಗೋಗೆ ಮರಳಿದ ಮೇಲೆ ಗಣಿತ ಹೇಳಿಕೊಟ್ಟರು. ಖಾಸಗಿಯಾಗಿ ರಸಾಯನ ಶಾಸ್ತ್ರ ಬೋಧಿಸಿದರು. 1829ರಲ್ಲಿ ಕುಶಲಕರ್ಮಿಗಳಿಗಾಗಿಯೇ ಇದ್ದ ಮೆಕ್ಯಾನಿಕ್ಸ್ ಸಂಸ್ಥೆಯಲ್ಲಿ ಉಪನ್ಯಾಸಕರಾದರು. ಮರುವರ್ಷ ಆಂಡರ್ಸನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಹಗಲು ದುಡಿದು ಸಂಜೆ ಕಲಿಯಲು ಬರುವ ಬಡ ಹುಡುಗರಿಗೂ ಆ ಸಂಸ್ಥೆಯ ಬಾಗಿಲು ತೆರೆದಿತ್ತು. ಹಾಗೆ ಬಂದವರಲ್ಲಿ ಮರಗೆಲಸದವನ ಮಗ ಜೇಮ್ಸ್ ಯಂಗ್ ಒಬ್ಬ. ಕೆಲಕಾಲದಲ್ಲೇ ಅವನು ಗ್ರಹಾಂ ಅವರ ಸಹಾಯಕನಾದ. ಮುಂದೆ ಕಲ್ಲಿದ್ದಲಿನಿಂದ ದೀಪದ ಎಣ್ಣೆ ತೆಗೆಯುವ ಉದ್ಯಮ ಕಟ್ಟಿ ಕೋಟ್ಯಧೀಶನಾದ. ಆಫ್ರಿಕಾದ ಒಳನಾಡನ್ನು ಸುತ್ತಿ ಪ್ರಸಿದ್ಧರಾದ ಡೇವಿಡ್ ಲಿವಿಂಗ್‌ಸ್ಟನ್ ಕೂಡ ಅಲ್ಲಿ ಗ್ರಹಾಂ ಅವರ ಪಾಠ ಕೇಳಿದವರೇ. ಗ್ರಹಾಂ ವಾಕ್ಚತುರರೇನಲ್ಲ. ತಡವರಿಸುತ್ತ ಮಾತನಾಡುತ್ತಿದ್ದರು. ಆದರೆ ಹೇಳುವ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಕೆ ಇರುತ್ತಿರಲಿಲ್ಲ.

ಈ ಅವಧಿಯಲ್ಲೇ ಅವರ ಹೆಸರನ್ನು ಶಾಶ್ವತಗೊಳಿಸಿದ ಸಂಶೋಧನೆ ನಡೆಯಿತು. ಅದಕ್ಕೆ ಹಿನ್ನೆಲೆ ಒಂದು ಬಿರುಕು ಬಿಟ್ಟ ಗಾಜಿನ ಪಾತ್ರೆ. ಜರ್ಮನಿಯ ಡೋಬರೈನರ್ ಎಂಬ ವಿಜ್ಞಾನಿ 1823ರಲ್ಲಿ ಅಂಥ ಪಾತ್ರೆಯಲ್ಲಿ ಜಲಜನಕ ತುಂಬಿ ನೀರಿನ ಮೇಲೆ ಬೋರಲು ಹಾಕಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಪಾತ್ರೆಯೊಳಗೆ ನೀರು ತಾನಾಗಿಯೇ ಮೇಲೇರಿತ್ತು. ಬಿರುಕಿನಲ್ಲಿ ಅನಿಲ ಸೋರಿಹೋದದ್ದು ವಿಶೇಷವಲ್ಲ. ಅದು ಹೊರಹೋದ ವೇಗಕ್ಕೆ ಸಮನಾಗಿ ಹೊರಗಿನ ಗಾಳಿ ಏಕೆ ಒಳಬರಲಿಲ್ಲ ಎಂಬುದೇ ಪ್ರಶ್ನೆ. ಡೋಬರೈನರ್ ಅದನ್ನು ಅಲ್ಲಿಗೇ ಬಿಟ್ಟರು; ಗ್ರಹಾಂ ಕೈಗೆತ್ತಿಕೊಂಡರು. ಬಿರುಕಿನ ಬದಲಿಗೆ ಗಾಜಿನ ನಳಿಗೆಯ ಬಾಯಿಗೆ ಗಾರೆಯ ತೆಳ್ಳನೆಯ ಬಿರಡೆ ಹಾಕಿ, ಒಂದೊಂದೇ ಅನಿಲವನ್ನು ತುಂಬಿ, ಹೊರಹೋದದ್ದೆಷ್ಟು ಒಳಬಂದದ್ದೆಷ್ಟು ಎಂದು ತಾಳ್ಮೆಯಿಂದ ಅಳೆದರು. ಅನಿಲ ವಿಸರಣಗೊಳ್ಳುವ ವೇಗ ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂಬ ನಿಯಮವನ್ನು 1831ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದಿಟ್ಟರು. ಆಮ್ಲಜನಕ ಜಲಜನಕಕ್ಕಿಂತ 16 ಪಟ್ಟು ಸಾಂದ್ರ. ಆದ್ದರಿಂದ ಜಲಜನಕ ಅದಕ್ಕಿಂತ 4 ಪಟ್ಟು ವೇಗವಾಗಿ ಓಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೇನಿಯಂನ ಎರಡು ರೂಪಗಳನ್ನು ಬೇರ್ಪಡಿಸಲು ಅಮೆರಿಕ ಕಟ್ಟಿದ ಬೃಹತ್ ಕಾರ್ಖಾನೆ ನಿಂತದ್ದೂ ಇದೇ ತತ್ತ್ವದ ಮೇಲೆ.

1833ರಲ್ಲಿ ಫಾಸ್ಫರಿಕ್ ಆಮ್ಲಗಳ ಕುರಿತು ಪ್ರಕಟಿಸಿದ ಸಂಶೋಧನೆ ಗ್ರಹಾಂ ಅವರಿಗೆ ಯೂರೋಪಿನಾದ್ಯಂತ ಕೀರ್ತಿ ತಂದಿತು. 1836ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆ ಒಂದರ ಹಿಂದೊಂದು ಬಂದವು. 1841ರಲ್ಲಿ ರಸಾಯನ ವಿಜ್ಞಾನಿಗಳೆಲ್ಲ ಸೇರಿ ಲಂಡನ್ನಿನ ಕೆಮಿಕಲ್ ಸೊಸೈಟಿಯನ್ನು ಸ್ಥಾಪಿಸಿದಾಗ ಅದರ ಮೊದಲ ಅಧ್ಯಕ್ಷರಾಗಿ ಆರಿಸಿದ್ದು ಗ್ರಹಾಂ ಅವರನ್ನೇ. ಅವರ ಪಠ್ಯಪುಸ್ತಕ ವಿದ್ಯಾರ್ಥಿಗಳ ಕೈಯಲ್ಲಿ ಬಹುಕಾಲ ಇತ್ತು.

1855ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ತೆರವು ಮಾಡಿದ ಟಂಕಸಾಲೆಯ ಮುಖ್ಯಸ್ಥ ಹುದ್ದೆ ಗ್ರಹಾಂ ಅವರಿಗೆ ಒಲಿಯಿತು. ಹಿಂದೊಮ್ಮೆ ಐಸಾಕ್ ನ್ಯೂಟನ್ ಕುಳಿತಿದ್ದ ಪೀಠವದು. ಆದರೆ ಈ ಗೌರವಕ್ಕೆ ಗ್ರಹಾಂ ತೆತ್ತ ಬೆಲೆ ದೊಡ್ಡದು. ಕಡತ, ಲೆಕ್ಕಪತ್ರ, ನೌಕರರ ವ್ಯವಹಾರಗಳಲ್ಲಿ ವರ್ಷಗಳು ಉರುಳಿದವು. ತಾಮ್ರದ ಚಿಲ್ಲರೆ ನಾಣ್ಯಗಳ ಬದಲಿಗೆ ಕಂಚಿನ ನಾಣ್ಯಗಳು ಬ್ರಿಟನ್ನಿನಲ್ಲಿ ಚಲಾವಣೆಗೆ ಬಂದದ್ದು ಅವರ ಅಧಿಕಾರಾವಧಿಯಲ್ಲೇ, 1860ರಲ್ಲಿ. ಅಲ್ಲಿಯವರೆಗೆ ಅವರ ಸಂಶೋಧನೆ ಬಹುತೇಕ ಸ್ತಬ್ಧವಾಗಿತ್ತು. ವಯಸ್ಸು 55 ದಾಟಿತ್ತು. ಗ್ರಹಾಂ ಅವರ ವಿಜ್ಞಾನ ಜೀವನ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಅದರಲ್ಲಿ ತಪ್ಪೇನಿರಲಿಲ್ಲ.

ನಡೆದದ್ದು ಬೇರೆಯೇ. 1861ರಲ್ಲಿ ಅವರು ದ್ರವಗಳ ವಿಸರಣದ ಬಗ್ಗೆ ಮಹತ್ವದ ಪ್ರಬಂಧ ಪ್ರಕಟಿಸಿದರು. ಉಪ್ಪು, ಸಕ್ಕರೆಗಳಂಥ ವಸ್ತುಗಳು ಚರ್ಮಕಾಗದದ ಪೊರೆಯನ್ನು ದಾಟುತ್ತವೆ. ಅಂಟು, ಜಿಲೆಟಿನ್‌ಗಳಂಥವು ದಾಟುವುದಿಲ್ಲ ಎಂದು ತೋರಿಸಿದರು. ಎರಡನೆಯ ಗುಂಪಿಗೆ ಕೊಲಾಯ್ಡ್ ಎಂದು ಹೆಸರಿಟ್ಟರು. ಬೇರ್ಪಡಿಸುವ ಕ್ರಿಯೆಯನ್ನು ಡಯಾಲಿಸಿಸ್ ಎಂದು ಕರೆದರು. ಮೂತ್ರದಿಂದ ಯೂರಿಯಾವನ್ನು ಹೀಗೆ ಬೇರ್ಪಡಿಸಿಯೂ ತೋರಿಸಿದರು. ಮೂತ್ರಪಿಂಡ ಕೆಟ್ಟ ರೋಗಿಗಳು ಇಂದು ಆಸ್ಪತ್ರೆಗಳಲ್ಲಿ ಕೇಳುವ ಡಯಾಲಿಸಿಸ್ ಎಂಬ ಪದ ಗ್ರಹಾಂ ಅವರದೇ ಕೊಡುಗೆ. ಮರುವರ್ಷ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಅವರಿಗೆ ಸಂದಿತು.

ಪೊರೆಗಳ ಬೆನ್ನು ಹತ್ತಿದ ಗ್ರಹಾಂ ಮತ್ತೆ ಅನಿಲಗಳತ್ತ ಹೊರಳಿದರು. 1866ರಲ್ಲಿ ತೆಳ್ಳನೆಯ ರಬ್ಬರಿನ ಹಾಳೆಯ ಮೂಲಕ ಗಾಳಿಯನ್ನು ನಿರ್ವಾತದೊಳಕ್ಕೆ ಎಳೆದಾಗ ಒಳಬಂದ ಗಾಳಿಯಲ್ಲಿ ಆಮ್ಲಜನಕ ಶೇ. 41ರಷ್ಟಿತ್ತು, ಆರುತ್ತಿದ್ದ ಕಡ್ಡಿಯ ಕೆಂಡ ಅದರಲ್ಲಿ ಮತ್ತೆ ಹೊತ್ತಿಕೊಂಡಿತು. ರಬ್ಬರಿನಲ್ಲಿ ರಂಧ್ರಗಳಿಲ್ಲ. ಅಂದ ಮೇಲೆ ಅನಿಲ ಅದರಲ್ಲಿ ಕರಗಿ, ಆಚೆ ಬದಿಯಲ್ಲಿ ಹೊರಬರುತ್ತಿರಬೇಕು ಎಂದು ಅವರು ತರ್ಕಿಸಿದರು. ಕಾಸಿದ ಪ್ಲಾಟಿನಂ ನಳಿಗೆಯ ಗೋಡೆಯನ್ನು ಜಲಜನಕ ದಾಟುತ್ತದೆಂದು ಫ್ರಾನ್ಸಿನ ಸೇಂಟ್ ಕ್ಲೇರ್ ಡೆವಿಲ್ ಮತ್ತು ಟ್ರೂಸ್ಟ್ 1863ರಲ್ಲೇ ಕಂಡಿದ್ದರು. ಅದು ಲೋಹದ ಸೂಕ್ಷ್ಮ ರಂಧ್ರಗಳ ಪ್ರಭಾವವೆಂಬುದು ಅವರ ಅಭಿಪ್ರಾಯ. ಗ್ರಹಾಂ ಒಪ್ಪಲಿಲ್ಲ. ರಬ್ಬರಿನಲ್ಲಿ ನಡೆದದ್ದೇ ಲೋಹದಲ್ಲೂ ನಡೆಯುತ್ತಿದ್ದರೆ ಲೋಹದೊಳಗೆ ಅನಿಲ ಸಿಗಲೇಬೇಕು. ಹಾಗಾದರೆ ಅದನ್ನು ಹೊರತೆಗೆದು ಅಳೆಯಬೇಕು.

ಅದಕ್ಕೆ ತಕ್ಕ ಉಪಕರಣ ಅದೇ ಹೊತ್ತಿಗೆ ದೊರೆಯಿತು. ಹರ್ಮನ್ ಸ್ಪ್ರೆಂಗೆಲ್ 1865ರಲ್ಲಿ ರೂಪಿಸಿದ್ದ ಪಾದರಸದ ಪಂಪು ಆವರೆಗೆ ಸಾಧ್ಯವಿಲ್ಲದಷ್ಟು ಉತ್ತಮ ನಿರ್ವಾತವನ್ನು ಉಂಟುಮಾಡುತ್ತಿತ್ತು. ಲೋಹವನ್ನು ಜಲಜನಕದಲ್ಲಿ ಕಾಸಿ, ತಣಿಸಿ, ಬಳಿಕ ನಿರ್ವಾತದಲ್ಲಿ ಮತ್ತೆ ಕಾಸಿ, ಹೊರಬಂದ ಅನಿಲವನ್ನು ಗ್ರಹಾಂ ಅಳೆದರು. ಪ್ಲಾಟಿನಂ ಹೀರಿದ್ದು ಅತ್ಯಲ್ಪ. ಪೆಲ್ಲಾಡಿಯಂ ಮಾತ್ರ ಕುದಿಯುವ ನೀರಿನಷ್ಟೂ ಬಿಸಿಯಿಲ್ಲದೆ ತನ್ನ ಗಾತ್ರದ 600 ಪಟ್ಟಿಗೂ ಮಿಕ್ಕಿ ಜಲಜನಕವನ್ನು ನುಂಗಿತ್ತು. ಇದಕ್ಕಿಂತ ಸೋಜಿಗವೆಂದರೆ ಅದು ಬೇರೆ ಅನಿಲಗಳನ್ನು ಮುಟ್ಟುತ್ತಿರಲಿಲ್ಲ. ಬೀದಿದೀಪಗಳಿಗೆ ಬಳಸುತ್ತಿದ್ದ ಕಲ್ಲಿದ್ದಲು ಅನಿಲದ ಬೆರಕೆಯಿಂದ ಜಲಜನಕವೊಂದನ್ನೇ ಆರಿಸಿ ಗೋಡೆಯಾಚೆಗೆ ಬಿಡುತ್ತಿತ್ತು. ಲೋಹ ಹೀಗೆ ಅನಿಲವನ್ನು ಒಳಗೆ ಕೂಡಿಹಾಕಿಕೊಳ್ಳುವುದನ್ನು ಅವರು ಅಕ್ಲೂಷನ್ ಎಂದು ಕರೆದರು.

ಮುಂದಿನ ಹೆಜ್ಜೆ ಇನ್ನೂ ಸರಳ. ನೀರಿನ ವಿದ್ಯುದ್ವಿಭಜನೆಯಲ್ಲಿ ಋಣಾಗ್ರವಾಗಿ ಪೆಲ್ಲಾಡಿಯಂ ತಂತಿಯನ್ನು ಇಳಿಬಿಟ್ಟರು. ಹುಟ್ಟಿದ ಜಲಜನಕ ಗುಳ್ಳೆಯಾಗಿ ಮೇಲೇಳುವ ಮೊದಲೇ ತಂತಿಯೊಳಕ್ಕೆ ಇಳಿಯಿತು. ಕಾಸುವ ಅಗತ್ಯವೂ ಇಲ್ಲದೆ ಲೋಹ ಹೀರಿದ್ದು 900 ಪಟ್ಟಿಗೂ ಹೆಚ್ಚು. 609 ಮಿಲಿಮೀಟರ್ ಉದ್ದದ ತಂತಿ ಅನಿಲ ತುಂಬಿದಾಗ 10 ಮಿಲಿಮೀಟರಿನ ಸಮೀಪದಷ್ಟು ಉದ್ದವಾಯಿತು. ಅನಿಲವನ್ನು ಹೊರದೂಡಿದಾಗ ಮೊದಲಿನ ಉದ್ದಕ್ಕೆ ಮರಳಬೇಕಿತ್ತಲ್ಲವೆ? ಮರಳಲಿಲ್ಲ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಮೊದಲಿಗಿಂತ ಗಿಡ್ಡವಾಯಿತು. ಅನಿಲ ಬಂದು ಹೋಗುವಾಗ ಲೋಹದ ಒಳರಚನೆಯೇ ಕದಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿರಲಿಲ್ಲ. ಪೆಲ್ಲಾಡಿಯಂ ಜೊತೆ ಬೆಳ್ಳಿಯೇ ಮೊದಲಾದ ಲೋಹಗಳನ್ನು ಬೆರೆಸಿಯೂ ಅವರು ಪರೀಕ್ಷಿಸಿದರು. ಈ ಕೆಲಸಗಳಲ್ಲಿ ಅವರಿಗೆ ಬಲಗೈಯಾಗಿದ್ದವರು ಮುಂದೆ ಲೋಹಶಾಸ್ತ್ರದಲ್ಲಿ ಹೆಸರು ಮಾಡಿದ ತರುಣ ವಿಲಿಯಂ ಚಾಂಡ್ಲರ್ ರಾಬರ್ಟ್ಸ್.

ಇದೇ ವಿಧಾನವನ್ನು ಗ್ರಹಾಂ ಆಕಾಶದಿಂದ ಬಿದ್ದ ಕಬ್ಬಿಣಕ್ಕೂ ಅನ್ವಯಿಸಿದ್ದು ಸ್ವಾರಸ್ಯಕರ. ಲೆನಾರ್ಟೋ ಎಂಬಲ್ಲಿ ಸಿಕ್ಕಿದ್ದ ಉಲ್ಕಾಶಿಲೆಯ ಚೂರನ್ನು 1867ರಲ್ಲಿ ನಿರ್ವಾತದಲ್ಲಿ ಕಾಸಿದಾಗ ಅದರ ಗಾತ್ರದ ಮೂರು ಪಟ್ಟಿಗೆ ಸಮೀಪದಷ್ಟು ಅನಿಲ ಹೊರಬಿತ್ತು. ಅದರಲ್ಲಿ ಹೆಚ್ಚಿನದು ಜಲಜನಕ. ನಕ್ಷತ್ರಗಳ ಬೆಳಕಿನಲ್ಲಿ ಜಲಜನಕದ ಗುರುತು ಅಷ್ಟರಲ್ಲೇ ಪತ್ತೆಯಾಗಿತ್ತು. ಜಲಜನಕ ದಟ್ಟವಾಗಿ ಕವಿದ ಯಾವುದೋ ತಾಣದಲ್ಲಿ ಈ ಕಬ್ಬಿಣ ಹುಟ್ಟಿರಬೇಕು ಎಂದು ಗ್ರಹಾಂ ಊಹಿಸಿದರು.

ಊಹೆಯ ವಿಷಯದಲ್ಲಿ ಅವರು ಇನ್ನೂ ಮುಂದೆ ಹೋದರು. ಜಲಜನಕ ವಾಸ್ತವವಾಗಿ ಒಂದು ಲೋಹ, ನಾವು ಕಾಣುವ ಅನಿಲ ಆ ಲೋಹದ ಆವಿ, ಪೆಲ್ಲಾಡಿಯಂ ಒಳಗೆ ಅದು ತನ್ನ ಲೋಹರೂಪದಲ್ಲಿ ಮಿಶ್ರಲೋಹವಾಗಿ ನೆಲೆಸುತ್ತದೆ ಎಂಬುದು ಅವರ ಸಿದ್ಧಾಂತ. ಆ ಲೋಹಕ್ಕೆ ಹೈಡ್ರೋಜೀನಿಯಂ ಎಂದು ಹೆಸರಿಟ್ಟು, ಅದರ ಸಾಂದ್ರತೆಯನ್ನೂ ಲೆಕ್ಕ ಹಾಕಿದರು. ಪದಕಗಳ ಮೇಲೆ ಅಚ್ಚಾದ ಹೆಸರೂ ಅದೇ. ಈ ಸಿದ್ಧಾಂತ ನಿಲ್ಲಲಿಲ್ಲ. ಅಸಾಧಾರಣ ಒತ್ತಡದಲ್ಲಿ ಜಲಜನಕ ಲೋಹವಾಗಬಹುದೆಂದು ವಿಗ್ನರ್ ಮತ್ತು ಹಂಟಿಂಗ್‌ಟನ್ 1935ರಲ್ಲಿ ಸೂಚಿಸಿದರಾದರೂ ಪೆಲ್ಲಾಡಿಯಂ ಒಳಗೆ ನಡೆಯುವುದು ಅದಲ್ಲ. ಹೆಸರು ಅಳಿಯಿತು, ಅಳತೆಗಳು ಉಳಿದವು. ವಿಜ್ಞಾನದಲ್ಲಿ ಇದು ಸೋಲೆಂದು ಎಣಿಸಬೇಕಿಲ್ಲ.

ಪದಕಗಳು ಅಚ್ಚಾದ ವರ್ಷವೇ ಗ್ರಹಾಂ ಅವರ ಕೊನೆಯ ವರ್ಷವಾಯಿತು. 1869ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು 63. ಅವಿವಾಹಿತರಾಗಿಯೇ ಬಾಳಿದ ಅವರ ದೇಹವನ್ನು ಹುಟ್ಟೂರಿಗೆ ಒಯ್ದು ಗ್ಲಾಸ್ಗೋ ಕೆಥೆಡ್ರಲ್‌ನಲ್ಲಿ ಸಮಾಧಿ ಮಾಡಲಾಯಿತು. ಪಾದ್ರಿಯಾಗಲೊಲ್ಲದ ಮಗ ಕೊನೆಗೆ ಸೇರಿದ್ದು ನಗರದ ಹಿರಿಯ ಚರ್ಚನ್ನೇ. ಅವರ ನಂತರ ಟಂಕಸಾಲೆಯ ಮುಖ್ಯಸ್ಥ ಹುದ್ದೆಗೆ ಪ್ರತ್ಯೇಕ ವ್ಯಕ್ತಿಯನ್ನು ನೇಮಿಸುವ ಪದ್ಧತಿ ನಿಂತು, ಅದು ಬ್ರಿಟನ್ನಿನ ಹಣಕಾಸು ಸಚಿವರ ಪಾಲಾಯಿತು. ಗುರುವಿನ ಸಂಶೋಧನಾ ಪ್ರಬಂಧಗಳನ್ನು ಒಟ್ಟುಗೂಡಿಸಿ 1876ರಲ್ಲಿ ಮುದ್ರಿಸಲು ಹಣ ಕೊಟ್ಟವರು ಅದೇ ಜೇಮ್ಸ್ ಯಂಗ್. ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ನಿಂತ ಗ್ರಹಾಂ ಪ್ರತಿಮೆಯೂ ಯಂಗ್ ಅವರದೇ ಕೊಡುಗೆ.

ಗ್ರಹಾಂ ಕಂಡದ್ದರ ಒಳಗುಟ್ಟು ಬಿಚ್ಚಿಕೊಂಡದ್ದು 20ನೇ ಶತಮಾನದಲ್ಲಿ. ಕ್ಷ-ಕಿರಣ ಮತ್ತು ನ್ಯೂಟ್ರಾನ್‌ಗಳ ನೆರವಿನಿಂದ ಲೋಹದ ಒಳನೋಟ ದೊರೆಯಿತು. ಜಲಜನಕದ ಅಣು ಲೋಹದ ಮೇಲ್ಮೈಯಲ್ಲಿ ಎರಡು ಪರಮಾಣುಗಳಾಗಿ ಒಡೆಯುತ್ತದೆ. ಆ ಪರಮಾಣುಗಳು ಲೋಹದ ಪರಮಾಣುಗಳ ನಡುವಿನ ಸಂದುಗಳಲ್ಲಿ ಹೋಗಿ ಕೂರುತ್ತವೆ. ಹೀಗೆ ಉಂಟಾಗುವ ಪದಾರ್ಥವೇ ಲೋಹ ಹೈಡ್ರೈಡ್. ಪೆಲ್ಲಾಡಿಯಂ ದುಬಾರಿ ಲೋಹ. ಮೇಲಾಗಿ ತೂಕದ ಲೆಕ್ಕದಲ್ಲಿ ಅದು ಹಿಡಿಯುವ ಜಲಜನಕ ಶೇ. 1 ಕೂಡ ಇಲ್ಲ. ಹೀಗಾಗಿ ಸುಮಾರು ಒಂದು ಶತಮಾನ ಕಾಲ ಅದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು.

1970ರ ಸುಮಾರಿಗೆ ಚಿತ್ರ ಬದಲಾಯಿತು. ಹಾಲೆಂಡಿನ ಐಂಡ್‌ಹೋವನ್‌ನ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿ ಅಯಸ್ಕಾಂತಗಳ ಅಧ್ಯಯನದಲ್ಲಿ ತೊಡಗಿದ್ದವರಿಗೆ ಲ್ಯಾಂಥನಂ ಮತ್ತು ನಿಕಲ್‌ಗಳ ಮಿಶ್ರಲೋಹ ಕೋಣೆಯ ಉಷ್ಣತೆಯಲ್ಲೇ ಜಲಜನಕವನ್ನು ಹೀರಿ ಬಿಡುತ್ತದೆಂದು ತಿಳಿದುಬಂತು. 1974ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯ ರೈಲಿ ಮತ್ತು ವಿಸ್ವಾಲ್ ಅಗ್ಗದ ಕಬ್ಬಿಣ-ಟೈಟಾನಿಯಂ ಮಿಶ್ರಲೋಹ ಇದೇ ಕೆಲಸ ಮಾಡುತ್ತದೆಂದು ವರದಿ ಮಾಡಿದರು. ಇಂಥ ಲೋಹದೊಳಗೆ ಜಲಜನಕ ದ್ರವರೂಪಕ್ಕಿಂತಲೂ ಒತ್ತಾಗಿ ಕೂಡುತ್ತದೆ ಎಂಬುದು ಗಮನಾರ್ಹ. ತೊಡಕು ಇರುವುದು ತೂಕದಲ್ಲಿ. ಒಂದು ಕಿಲೋ ಜಲಜನಕಕ್ಕೆ ಸುಮಾರು 70 ಕಿಲೋ ಲ್ಯಾಂಥನಂ-ನಿಕಲ್ ಬೇಕು. ಮೆಗ್ನೀಸಿಯಂ ಹಗುರ, ಶೇ. 7ಕ್ಕೂ ಹೆಚ್ಚು ಹಿಡಿಯುತ್ತದೆ. ಆದರೆ ಅನಿಲವನ್ನು ಬಿಟ್ಟುಕೊಡಲು 300 ಡಿಗ್ರಿಯ ಆಸುಪಾಸಿನ ಶಾಖ ಬೇಡುತ್ತದೆ.

ಶಾಖವೇ ಇಲ್ಲಿ ಯಜಮಾನ. ಅನಿಲ ಲೋಹದೊಳಗೆ ಇಳಿಯುವಾಗ ಶಾಖ ಹೊರಬರುತ್ತದೆ; ಅದನ್ನು ಕೂಡಲೇ ಹೊರಸಾಗಿಸದಿದ್ದರೆ ತುಂಬುವ ಕ್ರಿಯೆ ನಿಂತುಬಿಡುತ್ತದೆ. ಹೊರತೆಗೆಯುವಾಗ ಅಷ್ಟೇ ಶಾಖವನ್ನು ಮರಳಿ ಕೊಡಬೇಕು. ಇದರಿಂದ ಲಾಭವೂ ಇದೆ. ತೊಟ್ಟಿ ಒಡೆದರೆ ಅನಿಲ ಒಮ್ಮೆಲೇ ನುಗ್ಗಿ ಬರುವುದಿಲ್ಲ. ಲೋಹ ತಣ್ಣಗಾದಂತೆಲ್ಲ ಸೋರಿಕೆ ತಾನಾಗಿಯೇ ಕುಂಠಿತವಾಗುತ್ತದೆ. ಗ್ರಹಾಂ ಅವರ ತಂತಿ ಹಿಗ್ಗಿ ಕುಗ್ಗಿದಂತೆಯೇ ಈ ಮಿಶ್ರಲೋಹಗಳೂ ಹಿಗ್ಗುತ್ತವೆ. ಲ್ಯಾಂಥನಂ-ನಿಕಲ್ ಗಾತ್ರದಲ್ಲಿ ಸುಮಾರು ಕಾಲುಭಾಗ ಉಬ್ಬಿ, ಪುನಃ ಪುನಃ ತುಂಬಿ ತೆಗೆದಂತೆ ಹುಡಿಯಾಗುತ್ತದೆ. ಆದ್ದರಿಂದ ತೊಟ್ಟಿಗಳಲ್ಲಿ ಹುಡಿಗೆ ಹಿಗ್ಗಲು ಜಾಗ ಬಿಡಲೇಬೇಕು.

1984ರಿಂದ 1988ರವರೆಗೆ ಪಶ್ಚಿಮ ಬರ್ಲಿನ್ನಿನ ರಸ್ತೆಗಳಲ್ಲಿ ಡೈಮ್ಲರ್-ಬೆಂಝ್ ಸಂಸ್ಥೆ ಹೈಡ್ರೈಡ್ ತೊಟ್ಟಿಯ ವಾಹನಗಳನ್ನು ಓಡಿಸಿ ನೋಡಿತು. ತೊಟ್ಟಿಯ ಭಾರ ಕಾರುಗಳಿಗೆ ಹೊರೆಯಾಯಿತು. ಭಾರ ಅಡ್ಡಿಯಾಗದ ಕಡೆ ಅದೇ ತಂತ್ರ ಗೆದ್ದಿತು. 2005ರಿಂದ ಸೇವೆಗೆ ಬಂದ ಜರ್ಮನಿಯ 212ಎ ಮಾದರಿಯ ಜಲಾಂತರ್ಗಾಮಿಗಳು ತಮ್ಮ ಇಂಧನಕೋಶಕ್ಕೆ ಬೇಕಾದ ಜಲಜನಕವನ್ನು ಲೋಹ ಹೈಡ್ರೈಡ್ ಕೊಳವೆಗಳಲ್ಲೇ ಹೊತ್ತೊಯ್ಯುತ್ತವೆ. ಗ್ರಹಾಂ ಪೆಲ್ಲಾಡಿಯಂ ತಂತಿಯನ್ನು ಋಣಾಗ್ರವಾಗಿ ಇಳಿಬಿಟ್ಟ ಪ್ರಯೋಗದ ವಂಶದ ಕುಡಿ ಇನ್ನೊಂದೆಡೆ ಚಿಗುರಿತು. 1997ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಟೊಯೋಟಾ ಪ್ರಿಯಸ್ ಕಾರನ್ನು ಓಡಿಸಲು ನೆರವಾದ ನಿಕಲ್-ಲೋಹ ಹೈಡ್ರೈಡ್ ಬ್ಯಾಟರಿಯ ಋಣಾಗ್ರದಲ್ಲಿ ಜಲಜನಕವನ್ನು ಹೀರಿ ಬಿಡುವ ಮಿಶ್ರಲೋಹವೇ ಕೆಲಸ ಮಾಡುತ್ತಿತ್ತು.

ಭಾರತದಲ್ಲಿ ಈ ವಿಷಯದ ಮೇಲೆ ದೀರ್ಘಕಾಲ ದುಡಿದವರು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಓ.ಎನ್. ಶ್ರೀವಾಸ್ತವ. 2021ರಲ್ಲಿ ನಿಧನರಾದ ಅವರ ತಂಡ ಹೈಡ್ರೈಡ್ ತೊಟ್ಟಿಯಿಂದ ಜಲಜನಕ ಪಡೆದು ಓಡುವ ಮೋಟಾರ್ ಸೈಕಲ್ಲನ್ನು ರೂಪಿಸಿ ಓಡಿಸಿ ತೋರಿಸಿತ್ತು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟುಕೊಂಡಿದೆ. ಅಷ್ಟು ಅನಿಲವನ್ನು ಎಲ್ಲಿ, ಹೇಗೆ ಕೂಡಿಡುವುದು ಎಂಬ ಪ್ರಶ್ನೆಗೆ ಲೋಹವೊಂದೇ ಉತ್ತರವಾಗಲಾರದು. ಆದರೆ ಅತಿಶುದ್ಧ ಜಲಜನಕ ಬೇಕಾದ ಅರೆವಾಹಕ ಕಾರ್ಖಾನೆಗಳಲ್ಲಿ ಅನಿಲವನ್ನು ಸೋಸಲು ಇಂದಿಗೂ ಪೆಲ್ಲಾಡಿಯಂ ಮತ್ತು ಬೆಳ್ಳಿಯ ಮಿಶ್ರಲೋಹದ ತೆಳುಗೋಡೆಯ ಕೊಳವೆಗಳನ್ನು ಬಳಸುತ್ತಾರೆ. ಕಾಸಿದ ಆ ಗೋಡೆ ಜಲಜನಕವನ್ನಷ್ಟೇ ಆಚೆಗೆ ಬಿಟ್ಟು ಉಳಿದ ಅನಿಲಗಳನ್ನೆಲ್ಲ ಈಚೆಗೇ ತಡೆಯುತ್ತದೆ.